ಆ ಕಲ್ಲನ್ನು ಓದಲು ಬಿಡಿ: ಪ್ರವಾಸ ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಗೆ,
ಸ್ಪೇನ್ ಪ್ರವಾಸ ಏರ್ಪಡಿಸುತ್ತಿರುವ ಕರ್ನಾಟಕದ ಪ್ರವಾಸ ಸಂಸ್ಥೆಗಳ ವ್ಯವಸ್ಥಾಪಕರು

ವಿಷಯ: ಟೊಲೆಡೊ ನಗರದ ಸಾಂತೊ ತೊಮೆ ಚರ್ಚಿನ ಭೇಟಿಗೆ ತಕ್ಕಷ್ಟು ಸಮಯವನ್ನೂ ಸರಿಯಾದ ವಿವರಣೆಯನ್ನೂ ಒದಗಿಸುವ ಬಗ್ಗೆ.

ಮಾನ್ಯರೇ,

ನಾನು ನೋಂದಣಿ ಇಲಾಖೆಯಲ್ಲಿ 31 ವರ್ಷ ಸೇವೆ ಸಲ್ಲಿಸಿ ಉಪನೋಂದಣಾಧಿಕಾರಿಯಾಗಿ ನಿವೃತ್ತನಾದವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು ಇವುಗಳನ್ನು ಓದುವುದರಲ್ಲೇ ಆಯುಷ್ಯದ ಬಹುಭಾಗ ಕಳೆದಿರುವುದರಿಂದ, ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಬರಹದ ಕಡೆಗೆ. ಕಳೆದ ವರ್ಷ ನಾನೂ ನನ್ನ ಪತ್ನಿಯೂ ತಮ್ಮಂಥದೇ ಒಂದು ಸಂಸ್ಥೆಯ ಮೂಲಕ ಸ್ಪೇನ್ ನೋಡಿ ಬಂದೆವು. ಆ ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊಟ, ವಸತಿ, ಬಸ್ಸು ಯಾವುದರಲ್ಲೂ ಅವರು ಕೊರತೆ ಮಾಡಲಿಲ್ಲ. ನನ್ನ ದೂರು ಒಂದೇ ಸ್ಥಳಕ್ಕೆ, ಅಲ್ಲಿ ನಮಗೆ ಸಿಕ್ಕ ಹನ್ನೆರಡು ನಿಮಿಷಗಳಿಗೆ ಸಂಬಂಧಿಸಿದ್ದು. ಬೇರೆ ಸಂಸ್ಥೆಗಳ ಜೊತೆ ಹೋಗಿಬಂದ ಸ್ನೇಹಿತರನ್ನು ವಿಚಾರಿಸಿದಾಗ ಅವರ ಅನುಭವವೂ ಇದೇ ಆಗಿದ್ದುದರಿಂದ, ಒಬ್ಬರಿಗೆ ಖಾಸಗಿಯಾಗಿ ಬರೆಯುವ ಬದಲು ಎಲ್ಲರಿಗೂ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಟೊಲೆಡೊ ಇರುವುದು ಮ್ಯಾಡ್ರಿಡ್‌ನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಟಾಗಸ್ ನದಿ ಮೂರು ಕಡೆಯಿಂದ ಬಳಸಿಕೊಂಡು ಹರಿಯುವ ಒಂದು ಬೆಟ್ಟದ ಮೇಲೆ. 1986ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ತಮ್ಮ ಕಾರ್ಯಕ್ರಮ ಪಟ್ಟಿಗಳಲ್ಲಿ ಈ ಊರಿಗೆ ಅರ್ಧ ದಿನ ಎಂದು ಬರೆದಿರುತ್ತದೆ. ನಾವು ಹೋದ ದಿನ ಆ ಅರ್ಧ ದಿನದಲ್ಲಿ ಕತ್ತಿಗಳನ್ನೂ, ಕಪ್ಪು ಲೋಹದಲ್ಲಿ ಚಿನ್ನದ ಎಳೆ ಕೂರಿಸಿದ ತಟ್ಟೆಗಳನ್ನೂ ಮಾರುವ ಅಂಗಡಿಗೆ 50 ನಿಮಿಷ ಸಂದಿತು. ಬಾದಾಮಿಯ ಮಿಠಾಯಿ ಕೊಳ್ಳಲು ಇನ್ನೊಂದು 20 ನಿಮಿಷ. ಸಾಂತೊ ತೊಮೆ ಚರ್ಚಿನ ಬಾಗಿಲು ದಾಟಿ ಒಳಗೆ ಹೋಗಿ ಹೊರಗೆ ಬರುವ ಹೊತ್ತಿಗೆ ನನ್ನ ಕೈಗಡಿಯಾರದಲ್ಲಿ ಕಳೆದಿದ್ದುದು 12 ನಿಮಿಷ. ಆ ಹನ್ನೆರಡರಲ್ಲಿ ಫೋಟೊ ತೆಗೆಯಬಾರದೆಂಬ ಫಲಕವನ್ನು ಕಂಡು ನಮ್ಮವರು ಗೊಣಗಿದ್ದಕ್ಕೇ ಎರಡು ನಿಮಿಷ ಹೋಯಿತು.

ಆ ಅಲ್ಪ ಸಮಯದಲ್ಲಿ, ಒಳಗಿನ ಗೋಡೆಯ ಮೇಲಿರುವ ದೊಡ್ಡ ಚಿತ್ರದ ಮುಂದೆ, ಮಾರ್ಗದರ್ಶಿಯು ನಮಗೆ ಮೂರು ಸಂಗತಿ ಹೇಳಿದ. ಇದು ಓರ್ಗಾಸ್‌ನ ಕೌಂಟ್ ಎಂಬ ಶ್ರೀಮಂತನ ಅಂತ್ಯಕ್ರಿಯೆಯ ಚಿತ್ರ. ಬರೆದವನು ಎಲ್ ಗ್ರೆಕೊ, ಅವನಿಗೆ ಕಣ್ಣಿನ ದೋಷವಿದ್ದುದರಿಂದ ಮನುಷ್ಯರನ್ನು ಉದ್ದುದ್ದವಾಗಿ ಬರೆಯುತ್ತಿದ್ದ. ಕೆಳಗೆ ಕಲ್ಲಿನ ಮೇಲಿರುವುದು ಲ್ಯಾಟಿನ್ ಭಾಷೆಯ ಯಾವುದೋ ಪ್ರಾರ್ಥನೆ. ಈ ಮೂರೂ ತಪ್ಪು. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಕಲಿಸಿದ್ದನ್ನು ಅವನು ಒಪ್ಪಿಸಿದ. ಕಲಿಸಬೇಕಾದ ಹೊಣೆ ತಮ್ಮದು ಎಂಬ ಕಾರಣಕ್ಕೆ ಒಂದೊಂದನ್ನೂ ತಮ್ಮ ಮುಂದೆ ಇಡುತ್ತೇನೆ. ಮೂರನೆಯದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಡೀ ಚರ್ಚಿನ ಬೀಗದ ಕೈ ಇರುವುದು ಅಲ್ಲಿಯೇ.

ಆ ಕಲ್ಲಿನ ಮೇಲಿರುವುದು ಪ್ರಾರ್ಥನೆಯಲ್ಲ. ಊರಿಗೆ ಮರಳಿದ ಮೇಲೆ ಅದರ ಅನುವಾದವನ್ನು ಹುಡುಕಿ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅದು ನನ್ನ ಇಲಾಖೆಯ ಕಾಗದವಾಗಿತ್ತು. ಗೊನ್ಸಾಲೊ ರುಯಿಸ್ ಎಂಬಾತ ಓರ್ಗಾಸ್ ಎಂಬ ಊರಿನ ಒಡೆಯ, ಕ್ಯಾಸ್ಟೈಲ್ ರಾಜ್ಯದ ಮುಖ್ಯ ನೋಟರಿ, ಅಂದರೆ ನನ್ನಂಥವರ ಹಿರಿಯಣ್ಣ. ಮೊದಲು ಇಕ್ಕಟ್ಟಾಗಿಯೂ ಬಡವಾಗಿಯೂ ಇದ್ದ ಈ ಚರ್ಚನ್ನು ಅವನು ಸ್ವಂತ ಖರ್ಚಿನಲ್ಲಿ ವಿಸ್ತರಿಸಿ ಕಟ್ಟಿಸಿದ, ಇಲ್ಲಿಯೇ ತನ್ನನ್ನು ಹೂಳಬೇಕೆಂದು ಬಯಸಿದ. 1323ರಲ್ಲಿ ಅವನು ತೀರಿಕೊಂಡಾಗ, ಪಾದ್ರಿಗಳು ದೇಹವನ್ನು ಹೂಳಲು ಸಿದ್ಧರಾಗುತ್ತಿದ್ದಂತೆ, ಸಂತ ಸ್ಟೀಫನ್ ಮತ್ತು ಸಂತ ಅಗಸ್ಟೀನ್ ಸ್ವರ್ಗದಿಂದ ಇಳಿದು ಬಂದು ತಮ್ಮ ಕೈಯಾರೆ ಅವನನ್ನು ಸಮಾಧಿಗೆ ಇಳಿಸಿದರು ಎನ್ನುತ್ತದೆ ಶಾಸನ. ಈ ಸಂತರಿಬ್ಬರೇ ಏಕೆ ಬಂದರು ಎಂಬುದನ್ನು ಹೇಳುವುದಕ್ಕೆ ಬಹಳ ಹೊತ್ತು ಬೇಕಾಗುತ್ತದೆ, ನಿನಗೆ ಬಿಡುವಿದ್ದರೆ ಅಗಸ್ಟೀನ್ ಮಠದವರನ್ನು ಕೇಳು, ದಾರಿ ಏನೂ ದೂರವಿಲ್ಲ ಎಂದೂ ಅದು ಓದುಗನಿಗೆ ಹೇಳುತ್ತದೆ. ಬಿಡುವಿದ್ದರೆ! ಬಸ್ಸಿಗೆ ಹೊತ್ತಾಯಿತೆಂದು ನಮ್ಮನ್ನು ಹೊರಕ್ಕೆ ಕರೆಯುತ್ತಿದ್ದಾಗ ನಾವು ಬೆನ್ನು ಹಾಕಿ ನಿಂತಿದ್ದುದು ಆ ಮಾತಿಗೆ. ಮಠದವರ ಉತ್ತರವನ್ನು ನಾನೇ ಹೇಳಿಬಿಡುತ್ತೇನೆ: ನದಿಯ ಹತ್ತಿರ ಕೆಟ್ಟ ಹವೆಯ ಜಾಗದಲ್ಲಿದ್ದ ಅಗಸ್ಟೀನ್ ಸಂನ್ಯಾಸಿಗಳಿಗೆ ರಾಣಿ ಮರೀಯಾ ದೆ ಮೊಲಿನಾಳಿಂದ ಊರೊಳಗೆ ಒಳ್ಳೆಯ ಸ್ಥಳ ಕೊಡಿಸಿದವನು ಗೊನ್ಸಾಲೊ. ಅಲ್ಲಿ ಎದ್ದ ಮಠ ಸ್ಟೀಫನ್ ಸಂತನ ಹೆಸರಿನಲ್ಲಿತ್ತು. ಉಪಕಾರಕ್ಕೆ ಪ್ರತ್ಯುಪಕಾರ.

ಶಾಸನ ಇಲ್ಲಿಗೇ ನಿಂತಿದ್ದರೆ ಅದೊಂದು ಪವಾಡದ ಕಥೆಯಾಗಿ ಉಳಿಯುತ್ತಿತ್ತು. ಆದರೆ ಸ್ವರ್ಗದವರ ಕೃತಜ್ಞತೆಯನ್ನು ಕೇಳಿದೆಯಲ್ಲ, ಈಗ ಮನುಷ್ಯರ ಕೃತಘ್ನತೆಯನ್ನು ಕೇಳು ಎಂದು ಅದು ಮುಂದುವರಿಯುತ್ತದೆ. ಗೊನ್ಸಾಲೊ ತನ್ನ ಉಯಿಲಿನಲ್ಲಿ ಈ ಚರ್ಚಿನ ಪಾದ್ರಿಗೂ ಸೇವಕರಿಗೂ ಈ ಕೇರಿಯ ಬಡವರಿಗೂ ಓರ್ಗಾಸ್ ಊರಿನವರು ಪ್ರತಿ ವರ್ಷ 2 ಟಗರು, 16 ಕೋಳಿ, 2 ತೊಗಲಚೀಲ ವೈನ್, 2 ಹೊರೆ ಸೌದೆ ಹಾಗೂ 800 ಮರವೇದಿ ನಾಣ್ಯ ಕೊಡತಕ್ಕದ್ದು ಎಂದು ಬರೆದಿಟ್ಟಿದ್ದ. ಇನ್ನೂರೈವತ್ತು ವರ್ಷ ಹತ್ತಿರವಾಗುತ್ತಿದ್ದಂತೆ, ಇನ್ನು ಯಾರಿಗೆ ನೆನಪಿದ್ದೀತು ಎಂದುಕೊಂಡು ಊರಿನವರು ಕೊಡುವುದನ್ನು ನಿಲ್ಲಿಸಿದರು. ಚರ್ಚಿನ ಪಾದ್ರಿ ಆಂದ್ರೆಸ್ ನುನ್ಯೆಸ್ ಸುಮ್ಮನಿರಲಿಲ್ಲ. ವಾಯಡೊಲಿಡ್‌ನ ರಾಜ ನ್ಯಾಯಾಲಯಕ್ಕೆ ದಾವೆ ಹೂಡಿ, 1569-70ರ ವೇಳೆಗೆ ತೀರ್ಪನ್ನು ಚರ್ಚಿನ ಪರವಾಗಿ ಪಡೆದುಕೊಂಡರು. ದತ್ತಿಯ ವಿವರ, ಬಾಕಿ, ತೀರ್ಪು ಎಲ್ಲವನ್ನೂ ಒಳಗೊಂಡ ಈ ಲ್ಯಾಟಿನ್ ಬರಹವನ್ನು ವಿದ್ವಾಂಸ ಆಲ್ವರ್ ಗೋಮೆಸ್ ದೆ ಕಾಸ್ತ್ರೊ ರಚಿಸಿಕೊಟ್ಟ. ನಮ್ಮ ದಾನಶಾಸನಗಳ ಕೊನೆಯಲ್ಲಿ ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದಿರುತ್ತದೆ. ಇಲ್ಲಿ ಪಾಪದ ಬೆದರಿಕೆಯ ಜಾಗದಲ್ಲಿ ನ್ಯಾಯಾಲಯದ ಡಿಕ್ರಿಯನ್ನೇ ಕೊರೆಸಿದ್ದಾರೆ. ಕನ್ನಡದ ಪ್ರವಾಸಿಗೆ ಇದಕ್ಕಿಂತ ಸುಲಭವಾಗಿ ಅರ್ಥವಾಗುವ ಸಂಗತಿ ಆ ಊರಿನಲ್ಲಿ ಇನ್ನೊಂದು ಇರಲಾರದು.

ಈಗ ಚಿತ್ರಕ್ಕೆ ಬರುತ್ತೇನೆ. ದಾವೆ ಗೆದ್ದ ಅದೇ ಪಾದ್ರಿ, ದಾನಿಯ ಸಮಾಧಿಯ ಮೇಲೆ ಆ ಪವಾಡದ ಚಿತ್ರವಿರಬೇಕೆಂದು ಮೇಲಧಿಕಾರಿಗಳ ಒಪ್ಪಿಗೆ ಪಡೆದು, 1586ರ ಮಾರ್ಚ್ 18ರಂದು ಚಿತ್ರಕಾರನೊಡನೆ ಕರಾರು ಮಾಡಿಕೊಂಡರು. ಚಿತ್ರಕಾರ ದೂರದವನೇನಲ್ಲ, ಆ ಚರ್ಚಿಗೆ ಸೇರಿದ ಕೇರಿಯಲ್ಲೇ ಬಾಡಿಗೆಗೆ ವಾಸವಾಗಿದ್ದವನು. 1541ರಲ್ಲಿ ಕ್ರೀಟ್ ದ್ವೀಪದಲ್ಲಿ ಹುಟ್ಟಿ, ವೆನಿಸ್ ಮತ್ತು ರೋಮ್‌ಗಳಲ್ಲಿ ಕೆಲಸ ಮಾಡಿ, 1577ರಲ್ಲಿ ಟೊಲೆಡೊಗೆ ಬಂದು, 1614ರಲ್ಲಿ ಅಲ್ಲೇ ಸತ್ತ ಡೊಮೆನಿಕೊಸ್ ಥಿಯೊಟೊಕೊಪುಲೊಸ್. ಹೆಸರು ಹೇಳಲಾರದ ಜನ ಅವನನ್ನು 'ಗ್ರೀಕ'ನೆಂದು ಕರೆದರು; ಅವನು ಮಾತ್ರ ಕೊನೆಯವರೆಗೂ ಗ್ರೀಕ್ ಅಕ್ಷರಗಳಲ್ಲೇ ಸಹಿ ಹಾಕಿದ. ಕರಾರು ಬಹಳ ಖಚಿತವಾದದ್ದು. ಸಂತರಲ್ಲಿ ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ದೇಹವನ್ನು ಸಮಾಧಿಗೆ ಇಳಿಸುತ್ತಿರಬೇಕು, ಸುತ್ತ ಜನ ನಿಂತು ನೋಡುತ್ತಿರಬೇಕು, ಮೇಲೆ ಸ್ವರ್ಗ ತೆರೆದುಕೊಂಡಿರಬೇಕು ಎಂಬೆಲ್ಲ ಷರತ್ತುಗಳು ಅದರಲ್ಲಿದ್ದವು. ಅದೇ ವರ್ಷದ ಕ್ರಿಸ್ಮಸ್ ಗಡುವು ಮೀರಿ 1588ರಲ್ಲಿ ಕೆಲಸ ಮುಗಿಯಿತು.

ಮುಗಿದ ಮೇಲೆ ಬೆಲೆಯ ಜಗಳ. ಇಬ್ಬರು ಪರಿಣತರು ಸೇರಿ 1,200 ದುಕಾಟ್ ನಾಣ್ಯ ಎಂದು ಬೆಲೆ ಕಟ್ಟಿದರು. ಅದು ಹೆಚ್ಚಾಯಿತೆಂದು ಚರ್ಚಿನವರು ಮರುಮೌಲ್ಯಮಾಪನ ಕೇಳಿದರೆ, ಬೇರೆ ಇಬ್ಬರು ಬಂದು 1,600 ಎಂದುಬಿಟ್ಟರು. ಕಡೆಗೆ ಆರ್ಚ್‌ಬಿಷಪ್ಪರ ಮಂಡಳಿ ಮಧ್ಯೆ ಬಂದು ಮೊದಲಿನ 1,200ಕ್ಕೇ ಇತ್ಯರ್ಥ ಮಾಡಿತು. ಬಾಕಿಗಾಗಿ ಒಂದು ಊರನ್ನೇ ನ್ಯಾಯಾಲಯಕ್ಕೆ ಎಳೆದ ಪಾದ್ರಿಗಳು ತಾವೇ ಕೊಡಬೇಕಾದಾಗ ಚೌಕಾಸಿಗೆ ಇಳಿದದ್ದನ್ನು ಓದಿ ನನಗೆ ನಗು ಬಂತು. ಕಚೇರಿಯಲ್ಲಿ ಇಂಥ ಕಕ್ಷಿಗಾರರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಾರ್ಗದರ್ಶಿಯ ಮೊದಲ ಮಾತಿನ ತಪ್ಪು ಚಿಕ್ಕದು: ಗೊನ್ಸಾಲೊ ಕೌಂಟ್ ಆಗಿರಲೇ ಇಲ್ಲ. ಅವನು ಸತ್ತು ಸುಮಾರು ಇನ್ನೂರು ವರ್ಷದ ಮೇಲೆ, 1520ರಲ್ಲಿ, ಅವನ ವಂಶದವರಿಗೆ ಆ ಬಿರುದು ಬಂತು. ಚಿತ್ರದ ಹೆಸರಿನಲ್ಲಿ ರೂಢಿಯಿಂದ ಉಳಿದುಕೊಂಡಿದೆ. ಎರಡನೆಯ ಮಾತು ದೊಡ್ಡ ತಪ್ಪು. ಕಣ್ಣಿನ ದೋಷವಿದ್ದವನಿಗೆ ಎದುರಿನ ಮನುಷ್ಯ ಉದ್ದವಾಗಿ ಕಂಡರೆ ಅವನು ಬರೆಯುವ ಚಿತ್ರವೂ ಅವನಿಗೆ ಅಷ್ಟೇ ಉದ್ದವಾಗಿ ಕಾಣುತ್ತದೆ, ಹೀಗಾಗಿ ಒಂದಕ್ಕೊಂದು ಸರಿಹೋಗಿ ನಮಗೆ ಸಾಮಾನ್ಯ ಅಳತೆಯ ಚಿತ್ರವೇ ಸಿಗಬೇಕು. ಅದೂ ಬೇಡ, ಆ ಮಾತು ಸುಳ್ಳೆಂಬುದಕ್ಕೆ ಸಾಕ್ಷಿ ಅದೇ ಗೋಡೆಯ ಮೇಲಿದೆ. ಕೆಳಗಿನ ಅರ್ಧದಲ್ಲಿ ನಿಂತ ಟೊಲೆಡೊದ ಗೃಹಸ್ಥರು ನಮ್ಮ ನಿಮ್ಮ ಅಳತೆಯವರು. ಮೇಲಿನ ಅರ್ಧದಲ್ಲಿ, ಸ್ವರ್ಗದಲ್ಲಿ, ದೇಹಗಳು ದೀಪದ ಕುಡಿಯಂತೆ ನೀಳವಾಗುತ್ತವೆ, ಮೋಡಗಳು ಬಟ್ಟೆಯಂತೆ ಮಡಿಚಿಕೊಳ್ಳುತ್ತವೆ. ಒಂದೇ ಕೈ, ಒಂದೇ ಚಿತ್ರ, ಎರಡು ಅಳತೆ. ಬೇಕೆಂದೇ ಮಾಡಿದ್ದು.

480 ಸೆಂಟಿಮೀಟರ್ ಎತ್ತರ, 360 ಸೆಂಟಿಮೀಟರ್ ಅಗಲದ ಆ ಚಿತ್ರದಲ್ಲಿ ನೋಡುವುದಕ್ಕೆ ಎಷ್ಟಿದೆ ಎಂಬುದನ್ನು ತಾವು ಒಮ್ಮೆ ನಿಧಾನವಾಗಿ ನಿಂತು ಪರೀಕ್ಷಿಸಬೇಕೆಂದು ಕೋರುತ್ತೇನೆ. ಕಬ್ಬಿಣದ ಕವಚ ತೊಟ್ಟ ಹೆಣದ ಭಾರಕ್ಕೆ ಸಂತರಿಬ್ಬರೂ ಬಾಗಿದ್ದಾರೆ. ಎಳೆಯ ಪ್ರಾಯದ ಸ್ಟೀಫನ್ ತೊಟ್ಟ ಜರತಾರಿಯ ನಿಲುವಂಗಿಯ ಅಂಚಿನಲ್ಲಿ, ಅವನನ್ನೇ ಕಲ್ಲೆಸೆದು ಕೊಂದ ದೃಶ್ಯ ಕಸೂತಿಯಾಗಿ ಬಂದಿದೆ, ಚಿತ್ರದೊಳಗೊಂದು ಚಿತ್ರ. ಬಲಕ್ಕೆ, ಒಳಗಿನ ಕಪ್ಪು ಉಡುಪು ಕಾಣುವಷ್ಟು ತೆಳುವಾದ ಬಿಳಿ ನಿಲುವಂಗಿಯ ಪಾದ್ರಿಯೊಬ್ಬರು ಕೈಚೆಲ್ಲಿ ಮೇಲೆ ನೋಡುತ್ತಿದ್ದಾರೆ. ಅಲ್ಲಿದ್ದವರಲ್ಲಿ ಸ್ವರ್ಗ ತೆರೆದದ್ದು ಎಲ್ಲರಿಗೂ ಕಂಡಂತಿಲ್ಲ. ಆ ಪಾದ್ರಿಯ ದೃಷ್ಟಿ ಹಿಡಿದು ಮೇಲೇರಿದರೆ, ದೇವದೂತನೊಬ್ಬ ಸತ್ತವನ ಆತ್ಮವನ್ನು ಮಂಜಿನಂಥ ಹಸುಗೂಸಿನ ರೂಪದಲ್ಲಿ ಮೋಡಗಳ ಇಕ್ಕಟ್ಟಿನೊಳಗೆ ತೂರಿಸುತ್ತಿರುವುದು ಕಾಣುತ್ತದೆ. ಸಾಲಾಗಿ ನಿಂತ ಗೃಹಸ್ಥರು ತೊಟ್ಟಿರುವ ಕಪ್ಪು ಉಡುಪು, ಬಿಳಿ ನೆರಿಗೆಯ ಕೊರಳಪಟ್ಟಿ 1580ರ ದಶಕದವು. 1323ರ ಸಾವಿಗೆ ಚಿತ್ರಕಾರ ತನ್ನ ಕಾಲದ ಊರಿನವರನ್ನು ಕರೆತಂದು ನಿಲ್ಲಿಸಿದ್ದಾನೆ. ಗ್ರೀಕ್ ಬಲ್ಲ ವಿದ್ವಾಂಸ ಆಂಟೋನಿಯೊ ದೆ ಕೊವರ್ರುಬಿಯಾಸ್ ಅಲ್ಲಿದ್ದಾನೆ ಎನ್ನುತ್ತಾರೆ, ನಮ್ಮತ್ತ ನೇರವಾಗಿ ನೋಡುವವನು ಎಲ್ ಗ್ರೆಕೊನೇ ಎನ್ನುತ್ತಾರೆ. ಎಡಗಡೆ ಪಂಜು ಹಿಡಿದು, ಇದನ್ನು ನೋಡಿ ಎಂಬಂತೆ ಬೆರಳು ತೋರುವ ಹುಡುಗ ಅವನ ಮಗ ಹೋರ್ಹೆ ಮಾನ್ವೆಲ್. ಆ ಮಗುವಿನ ಜೇಬಿನಿಂದ ಇಣುಕುವ ಕರವಸ್ತ್ರದ ಮೇಲೆ ಅಪ್ಪನ ಗ್ರೀಕ್ ಸಹಿಯಿದೆ, ಜೊತೆಗೆ 1578 ಎಂಬ ಇಸವಿ. ಅದು ಚಿತ್ರದ ವರ್ಷವಲ್ಲ, ಮಗನು ಹುಟ್ಟಿದ ವರ್ಷ. ಇದನ್ನೊಂದನ್ನಾದರೂ ತೋರಿಸಿದ್ದರೆ ನಮ್ಮ ಗುಂಪಿನ ಅಜ್ಜಿಯರು ಫೋಟೊ ಇಲ್ಲವೆಂಬ ಬೇಸರವನ್ನು ಮರೆಯುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ನಾನು ಅಲ್ಲಿದ್ದಾಗ ತಿಳಿಯಲಿಲ್ಲ, ಮನೆಯಲ್ಲಿ ಕುಳಿತು ತಿಳಿದೆ. ಈ ಚಿತ್ರದಲ್ಲಿ ನೆಲವೇ ಇಲ್ಲ, ಗುಂಡಿಯೂ ಇಲ್ಲ. ಹೆಣವನ್ನು ಇಳಿಸುತ್ತಿರುವುದು ಎಲ್ಲಿಗೆ? ಚೌಕಟ್ಟಿನ ಕೆಳಗೆ ನಿಜವಾದ ಸಮಾಧಿಯ ಸ್ಥಳವಿದೆ, ಶಾಸನವಿದೆ. ಸಂತರು ಬಾಗಿರುವುದು ಆ ಕಡೆಗೆ. ಚಿತ್ರ, ಕಲ್ಲು, ಸಮಾಧಿ ಮೂರೂ ಸೇರಿ ಒಂದೇ ದಸ್ತಾವೇಜು. ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ ನೂರಾರು ಚಿತ್ರಗಳ ನಡುವೆ ಇದು ಯಾವ ಚರ್ಚಿಗಾಗಿ ಬರೆಯಿಸಲಾಯಿತೋ ಆ ಚರ್ಚಿನಲ್ಲೇ ಇಂದಿಗೂ ಇದೆ. ಅದರಲ್ಲಿ ಕಲ್ಲನ್ನು ಬಿಟ್ಟು ಚಿತ್ರವನ್ನಷ್ಟೇ ತೋರಿಸುವುದೆಂದರೆ, ಆಸ್ತಿಯ ವಿವರವಿರುವ ಷೆಡ್ಯೂಲಿನ ಪುಟವನ್ನು ಹರಿದುಹಾಕಿ ಕ್ರಯಪತ್ರವನ್ನು ನೋಂದಣಿಗೆ ತಂದಂತೆ. ನಾನಾಗಿದ್ದರೆ ವಾಪಸು ಕಳುಹಿಸುತ್ತಿದ್ದೆ.

ಚರ್ಚಿನ ಕಟ್ಟಡದ ಬಗ್ಗೆಯಂತೂ ನಮಗೆ ಒಂದು ಮಾತೂ ಸಿಗಲಿಲ್ಲ. ಅದರ ಗಂಟೆಗೋಪುರದ ಬುಡದಲ್ಲೇ ನಡೆದುಹೋದ ನಮಗೆ ತಲೆ ಎತ್ತಿ ನೋಡಿ ಎಂದು ಯಾರೂ ಹೇಳಲಿಲ್ಲ. 14ನೆಯ ಶತಮಾನದ ಆ ಗೋಪುರ ಇಟ್ಟಿಗೆಯದು. ಕಿಟಕಿಗಳ ಕಮಾನುಗಳು ಕುದುರೆ ಲಾಳದ ಆಕಾರದಲ್ಲೂ ಎಸಳೆಸಳಾಗಿಯೂ ಇವೆ, ಮೇಲೊಂದು ಸಾಲಿನಲ್ಲಿ ಬಣ್ಣದ ಮೆರುಗು ಕೊಟ್ಟ ಮಣ್ಣಿನ ಕಿರುಗಂಬಗಳಿವೆ. 1085ರಲ್ಲಿ ಆರನೆಯ ಅಲ್ಫೊನ್ಸೊ ಟೊಲೆಡೊವನ್ನು ಮುಸ್ಲಿಂ ಅರಸರಿಂದ ವಶಪಡಿಸಿಕೊಂಡ ಮೇಲೂ ಅಲ್ಲೇ ಉಳಿದುಕೊಂಡ ಕಸುಬುದಾರರ ಕೈಯಿಂದ ಬೆಳೆದ ಈ ಶೈಲಿಗೆ ಮುದೇಹಾರ್ ಎಂದು ಹೆಸರು. ಆ ಊರಿನ ಸಾನ್ ರೊಮಾನ್, ಸಾಂತಿಯಾಗೊ ದೆಲ್ ಅರ್ರಬಾಲ್ ಚರ್ಚುಗಳೂ ಇದೇ ಕಸುಬಿನವು. ಸಾಂತೊ ತೊಮೆ ಇರುವ ಜಾಗದಲ್ಲಿ ಮೊದಲು ಮಸೀದಿ ಇತ್ತೆಂದು ಹೇಳುತ್ತಾರೆ. ಈ ಒಂದು ವಾಕ್ಯವನ್ನು ಮಾತ್ರ ಮಾರ್ಗದರ್ಶಿ ಬಸ್ಸಿನಲ್ಲಿ ಹೇಳಿದ್ದ. ಅದನ್ನು ಹಿಡಿದುಕೊಂಡು ನಮ್ಮವರು ನಮ್ಮೂರಿನ ವಾದಗಳನ್ನು ಮಾಡುತ್ತಾ ಬಂದರು. ಗೋಪುರವನ್ನು ನಿಲ್ಲಿಸಿ ತೋರಿಸಿದ್ದರೆ, ಕ್ರೈಸ್ತರ ಗಂಟೆಗಾಗಿ ಮುಸ್ಲಿಂ ಕಸುಬಿನ ಇಟ್ಟಿಗೆ ಕೆಲಸ ಹೇಗೆ ಎದ್ದು ನಿಂತಿದೆ ಎಂಬುದನ್ನು ಅವರ ಕಣ್ಣೇ ಅವರಿಗೆ ಹೇಳುತ್ತಿತ್ತು. ಸಾಂತೊ ತೊಮೆ ಎಂದರೆ ಸಂತ ಥಾಮಸ್ ಎಂದಾಗಲಿ, ಕೇರಳಕ್ಕೆ ಬಂದು ಚೆನ್ನೈನ ಮೈಲಾಪುರದಲ್ಲಿ ಪ್ರಾಣಬಿಟ್ಟನೆಂದು ನಮ್ಮ ಕಡೆಯ ಕ್ರೈಸ್ತರು ನಂಬುವ, ಯೇಸುವಿನ ಶಿಷ್ಯ ಅವನೇ ಎಂದಾಗಲಿ ಯಾರೂ ಹೇಳಲಿಲ್ಲ. ನಮ್ಮ ಜೊತೆ ಬಂದಿದ್ದ ಮಂಗಳೂರಿನ ಒಂದು ಕ್ರೈಸ್ತ ಕುಟುಂಬಕ್ಕೂ ಇದು ಹೋಟೆಲಿಗೆ ಮರಳಿದ ಮೇಲೆಯೇ ಹೊಳೆದದ್ದು, ಅವರು ಬಹಳ ಪೇಚಾಡಿಕೊಂಡರು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ, ಪ್ರವಾಸದ ದರ ಏರಿಸಬೇಕಾದಂಥವೂ ಅಲ್ಲ. ಅಂಗಡಿಗೆ ಕೊಡುವ 50 ನಿಮಿಷದಲ್ಲಿ 25ನ್ನು ಈ ಚರ್ಚಿಗೆ ವರ್ಗಾಯಿಸಿ. ಆ ಅಂಗಡಿಯಿಂದ ಸಂಸ್ಥೆಗಳಿಗೆ ಸಲ್ಲುವ ಕಮಿಷನ್ ಇದಕ್ಕೆ ಅಡ್ಡಿಯಾಗಿದ್ದರೆ, ಅದನ್ನು ಪ್ರವಾಸಿಗರಿಗೆ ಮುಂಚಿತವಾಗಿ ತಿಳಿಸುವ ಪ್ರಾಮಾಣಿಕತೆಯನ್ನಾದರೂ ತೋರಿಸಿ, ನಾವು ನಮ್ಮ ಸಮಯದ ಲೆಕ್ಕ ಹಾಕಿಕೊಳ್ಳುತ್ತೇವೆ. ಒಳಗೆ ಹೋಗುವ ಮೊದಲು ಗೋಪುರದ ಕೆಳಗೆ ಐದು ನಿಮಿಷ ನಿಲ್ಲಿಸಿ ಕಥೆಯನ್ನೆಲ್ಲ ಅಲ್ಲಿಯೇ ಹೇಳಿ ಮುಗಿಸಿದರೆ, ಇಕ್ಕಟ್ಟಾದ ಆ ಜಾಗದಲ್ಲಿ ಗಟ್ಟಿಯಾಗಿ ಕೂಗುವ ಪ್ರಮೇಯ ಬರುವುದಿಲ್ಲ. ನಮ್ಮ ಗುಂಪಿನ ಗದ್ದಲಕ್ಕೆ ಅಲ್ಲಿದ್ದ ವೃದ್ಧೆಯೊಬ್ಬರು ತಿರುಗಿ ನೋಡಿದ ನೋಟಕ್ಕೆ ನಾನು ಇಂದಿಗೂ ನಾಚುತ್ತೇನೆ. ಫೋಟೊಗೆ ಅನುಮತಿಯಿಲ್ಲವೆಂಬುದನ್ನು ಬಸ್ಸಿನಲ್ಲೇ ತಿಳಿಸಿ.

ಟಿಕೆಟ್ ಪಡೆದು ಹೋಗುವ ಪ್ರವಾಸಿಗರಿಗೆ ತೆರೆದಿರುವುದು ಚಿತ್ರವಿರುವ ಭಾಗ ಮಾತ್ರ. ಅದರಾಚೆಗೆ ಇಂದಿಗೂ ಬಲಿಪೂಜೆ ನಡೆಯುವ, ಸುತ್ತಲಿನ ಮನೆಗಳವರು ಸೇರುವ ಧರ್ಮಕೇಂದ್ರವಿದೆ. ಗುಂಪಿನಲ್ಲಿ ಕ್ರೈಸ್ತರಿದ್ದರೆ ಪೂಜೆಯ ವೇಳೆಯನ್ನು ಮೊದಲೇ ವಿಚಾರಿಸಿ ತಿಳಿಸುವುದು ತಮಗೆ ಒಂದು ದೂರವಾಣಿ ಕರೆಯ ಕೆಲಸ. ಮಾರ್ಗದರ್ಶಿಗಳ ಬಾಯಿಂದ ಕಣ್ಣಿನ ದೋಷದ ಕಥೆಯನ್ನು ತೆಗೆಸಿ. ಹತ್ತಿರದ ಎಲ್ ಗ್ರೆಕೊ ಮ್ಯೂಸಿಯಮ್ಮನ್ನು ಅವನು ವಾಸವಿದ್ದ ಮನೆಯೆಂದು ತೋರಿಸುವ ಅಭ್ಯಾಸವನ್ನೂ ಬಿಡಿಸಿ. ಅದು 20ನೆಯ ಶತಮಾನದ ಆರಂಭದಲ್ಲಿ ಅವನ ನೆನಪಿಗಾಗಿ ಸಜ್ಜುಗೊಳಿಸಿದ ಮನೆ, ಅವನಿದ್ದ ಮನೆಯಲ್ಲ.

ಕೊನೆಯದಾಗಿ, ಪ್ರವಾಸಿಗರಿಗೆ ತಾವು ಕೊಡುವ ಚೀಲ, ಟೋಪಿ, ಕುತ್ತಿಗೆಯ ಗುರುತುಚೀಟಿಗಳ ಜೊತೆ ಒಂದು ಹಾಳೆಯನ್ನೂ ಸೇರಿಸಬೇಕೆಂದು ವಿನಂತಿಸುತ್ತೇನೆ. ಆ ಲ್ಯಾಟಿನ್ ಶಾಸನವನ್ನು ಅದರ ಅನುವಾದಗಳ ನೆರವಿನಿಂದ ನಾನು ಕನ್ನಡಕ್ಕೆ ಇಳಿಸಿದ್ದೇನೆ; ಟಗರು, ಕೋಳಿ, ಸೌದೆ ಒಂದೂ ಬಿಡದೆ ಒಂದೇ ಪುಟದಲ್ಲಿ ಕುಳಿತಿದೆ. ಯಾವ ಸಂಸ್ಥೆಯವರು ಬೇಕಾದರೂ ಅದನ್ನು ಉಚಿತವಾಗಿ ಮುದ್ರಿಸಿಕೊಳ್ಳಬಹುದು, ನನ್ನ ಹೆಸರು ಹಾಕುವ ಅಗತ್ಯವಿಲ್ಲ. ಮುಂದಿನ ಬೇಸಿಗೆಯ ಪ್ರವಾಸಗಳಿಗೆ ತಾವು ಈಗಾಗಲೇ ಹೆಸರು ನೋಂದಾಯಿಸಿಕೊಳ್ಳುತ್ತಿರುವುದರಿಂದ, ಕಾರ್ಯಕ್ರಮ ಪಟ್ಟಿ ಅಚ್ಚಿಗೆ ಹೋಗುವ ಮುನ್ನವೇ ಟೊಲೆಡೊದ ದಿನವನ್ನು ಮತ್ತೊಮ್ಮೆ ಪರಿಶೀಲಿಸಿ, ಈ ಪತ್ರಕ್ಕೆ ಬಹಿರಂಗವಾಗಿಯೇ ಉತ್ತರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನೋಂದಣಾಧಿಕಾರಿ,
ಶಿವಮೊಗ್ಗ ಜಿಲ್ಲೆ